ಹನ್ನೊಂದು ಮಹಡಿಯ ಅಸಹ್ಯಪಟ್ಟಿ

ಬೆಳಗ್ಗೆ ಏಳೂ ಮುಕ್ಕಾಲಿಗೆ ಒಂಬತ್ತನೆಯ ಮಹಡಿಯ ಬಂಕಾಪುರ ಸಾಹೇಬರು ವಾಕಿಂಗ್ ಬೂಟು ಹಾಕಿಕೊಂಡು ಮನೆಯಿಂದ ಹೊರಬಿದ್ದರು. ಅವರು ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಚಾವಣಿಯಲ್ಲಿದ್ದ ಬಟಾಣಿ ಕಾಳಿನ ಗಾತ್ರದ ಗಾಜಿನ ಕಣ್ಣು ಅವರ ಮುಖವನ್ನು ಗುರುತಿಸಿತು. ಪಕ್ಕದ ಮನೆಯವರು ಒಣಮೀನು ಹುರಿಯುತ್ತಿದ್ದರು. ಆ ವಾಸನೆ ಸಾಹೇಬರನ್ನು ಮುಟ್ಟುವ ಮೊದಲೇ ಗೋಡೆಯೊಳಗಿನ ಫ್ಯಾನು ತಿರುಗಿ ಅದನ್ನು ಎಳೆದುಕೊಂಡಿತು. ಲಿಫ್ಟು ಬಂದು ನಿಂತಿತು. ಕೆಳಗಿಳಿಯುವಾಗ ಆರನೆಯ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿದ್ದರು. ಲಿಫ್ಟು ಅಲ್ಲಿ ನಿಲ್ಲಲಿಲ್ಲ. ಸಾಹೇಬರಿಗೆ ಅದು ಗೊತ್ತಾಗಲೂ ಇಲ್ಲ. ಆರು ವರ್ಷಗಳಿಂದ ಈ ಕಟ್ಟಡದೊಳಗೆ ಅವರು ಒಮ್ಮೆಯೂ ಮೂಗು ಮುಚ್ಚಿಕೊಂಡಿರಲಿಲ್ಲ.

ಆರನೆಯ ಮಹಡಿಯಲ್ಲಿ ಗುಂಡಿ ಒತ್ತಿ ನಿಂತಿದ್ದವಳು ದ್ಯಾಮವ್ವ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಕಸಬರಿಗೆ. ಅವಳು ಐದು ನಿಮಿಷ ಕಾದು, ಮತ್ತೊಮ್ಮೆ ಗುಂಡಿ ಒತ್ತಿ, ಮತ್ತೆ ಐದು ನಿಮಿಷ ಕಾದು, ಕೊನೆಗೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದಳು.

ಹುಬ್ಬಳ್ಳಿಯ ಈ ಹನ್ನೊಂದು ಮಹಡಿಯ ವಸತಿ ಸಂಕೀರ್ಣದಲ್ಲಿ ಇಷ್ಟು ನಯವಾಗಿ ಕೆಲಸ ಮಾಡುತ್ತಿದ್ದ ಯಂತ್ರದ ಹೆಸರು ಅಸಹ್ಯಮಾಪಕ. ಅದನ್ನು ಕಂಡುಹಿಡಿದವರು ಡಾ. ಸುಲೋಚನಾ ಹೆಬಸೂರ. ಅದರ ತತ್ವ ಸರಳ. ಅಸಹ್ಯ ಹುಟ್ಟಿದಾಗ ಮನುಷ್ಯನ ಮೇಲ್ದುಟಿ ಕೂದಲೆಳೆಯಷ್ಟು ಮೇಲೇರುತ್ತದೆ. ಮೂಗಿನ ಬುಡದಲ್ಲಿ ಸುಕ್ಕು ಮೂಡುತ್ತದೆ. ಅರೆಗಳಿಗೆ ಉಸಿರು ನಿಲ್ಲುತ್ತದೆ, ಮೈಭಾರ ಹಿಮ್ಮಡಿಯ ಮೇಲೆ ವಾಲುತ್ತದೆ. ಮನಸ್ಸಿಗೆ ಗೊತ್ತಾಗುವ ಮೊದಲೇ ಮುಖ ಇಷ್ಟೆಲ್ಲವನ್ನೂ ಮಾಡಿ ಮುಗಿಸಿರುತ್ತದೆ. ಮನೆಯೊಳಗೂ ಹೊರಗೂ ಇರುವ ಚಾವಣಿಯ ಕಣ್ಣು ಇದನ್ನು ಅಳೆದು, ಸೊನ್ನೆಯಿಂದ ನೂರರವರೆಗೆ ಒಂದು ಅಂಕ ಕೊಡುತ್ತದೆ. ಅದು ಅಸಹ್ಯಾಂಕ. ಯಾರಿಗೆ, ಯಾವುದರ ಮೇಲೆ, ಎಷ್ಟು ಎಂಬ ಮೂರು ಅಂಕಣಗಳ ಒಂದು ಮಹಾಪಟ್ಟಿ ನೆಲಮಾಳಿಗೆಯ ಸರ್ವರಿನಲ್ಲಿ ಬೆಳೆಯುತ್ತ ಹೋಗುತ್ತದೆ. ಅದಕ್ಕೆ ದತ್ತಕೋಶ ಎಂದು ಹೆಸರು. ಲಿಫ್ಟು, ಫ್ಯಾನು, ಗೇಟು ಎಲ್ಲವೂ ಹೆಜ್ಜೆಹೆಜ್ಜೆಗೂ ಆ ಕೋಶವನ್ನು ಕೇಳಿಯೇ ನಡೆಯುತ್ತವೆ. ಅಂಕ ಮೂವತ್ತೈದು ದಾಟಿದ್ದು ಆ ಮನುಷ್ಯನ ಎದುರು ಬರದಂತೆ ನೋಡಿಕೊಳ್ಳುತ್ತವೆ.

ಡಾ. ಹೆಬಸೂರ ಇದನ್ನು ಕೆಟ್ಟ ಉದ್ದೇಶದಿಂದ ಮಾಡಿರಲಿಲ್ಲ. ಒಂದೇ ಗೋಡೆಯ ಎರಡು ಬದಿಗೆ ಬದುಕುವ ಜನ ಮೀನಿನ ವಾಸನೆಗೆ, ನಾಯಿಯ ಹೇಲಿಗೆ, ಮೆಟ್ಟಿಲ ಮೂಲೆಯ ಗುಟಕಾ ಉಗುಳಿಗೆ ಜಗಳಾಡಿ ಠಾಣೆ ಹತ್ತುವುದನ್ನು ಅವರು ಕಂಡಿದ್ದರು. ತಮ್ಮ ಯಂತ್ರ ಬಂದ ಮೇಲೆ ಈ ಕಟ್ಟಡದಿಂದ ಒಂದು ದೂರೂ ಹೋಗಿಲ್ಲ ಎಂದು ಅವರು ಎಲ್ಲ ಭಾಷಣಗಳಲ್ಲೂ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು.

ಸರ್ವರನ್ನು ನೋಡಿಕೊಳ್ಳುತ್ತಿದ್ದವಳು ಭಾಗ್ಯಶ್ರೀ ಕಟ್ಟಿಮನಿ. ಹಗಲು ಝೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ತರಗತಿಗೆ ಹೋಗಿ, ನಾಲ್ಕು ವರ್ಷ ಕಂಪ್ಯೂಟರ್ ಕಲಿತವಳು. ಅವಳ ಅಜ್ಜಿ ಇದೇ ಊರಿನ ಗಟಾರ ಬಳಿಯುತ್ತಿದ್ದಳು. ನೆಲಮಾಳಿಗೆಯ ಎ.ಸಿ. ಕೋಣೆಯಲ್ಲಿ ಕುಳಿತು ಸರ್ವರ್ ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ಅವಳ ಕೆಲಸ. ಒಳಗೆ ಏನಿದೆಯೆಂದು ನೋಡುವಂತಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಮೂರು ವರ್ಷ ಅವಳು ನೋಡಿರಲಿಲ್ಲ.

ಅಂದು ಹತ್ತು ಗಂಟೆಗೆ ದ್ಯಾಮವ್ವ ಬಾಗಿಲಲ್ಲಿ ನಿಂತು ಕೆಮ್ಮಿದಳು.

"ಯವ್ವಾ ಭಾಗ್ಯಾ, ನಿನ್ನ ಯಂತ್ರಕ್ಕ ಒಂದೀಟ ಹೇಳ. ಲಿಫ್ಟ್ ನನಗ ಬರವಲ್ದು."

"ಕೆಟ್ಟಿರಬೇಕ ಬಿಡ ಯಕ್ಕಾ. ರಿಪೇರಿಯಾವಗ ಹೇಳ್ತೀನಿ."

"ರಿಪೇರಿಯಾವ ಮೂರ ಸಲ ಬಂದ ಹೋದ. ಅಂವ ಒತ್ತಿದ್ರ ಬರತೈತಿ, ನಾ ಒತ್ತಿದ್ರ ಬರೂದಿಲ್ಲ. ನನ್ನ ಬಳ್ಳಿನಾಗ ಏನರ ಐತೇನ ಹಂಗಾರ?" ದ್ಯಾಮವ್ವ ತನ್ನ ಬೆರಳನ್ನು ತಾನೇ ತಿರುಗಿಸಿ ನೋಡಿ ನಕ್ಕಳು. ಆಮೇಲೆ ನಗು ನಿಂತಿತು. "ಇಷ್ಟ ವರ್ಷ ಹೆಂಗೋ ಹತ್ತೇನಿ, ಈಗ ಮೊಣಕಾಲ ಹೋಗ್ಯಾವ ತಂಗಿ. ಹನ್ನೊಂದ ಮಹಡಿ ಹತ್ತಿ ಇಳದ ಮೆಟ್ಟಲಾ ಒರಸಿ, ನಾಕ ಮನಿ ಬಚ್ಚಲಾ ತೊಳೆಯೂದ್ರಾಗ ಹೊತ್ತ ಆಗತೈತಿ. ಗುತ್ತಿಗಿದಾರ ಅಂದಾನ, ಒಂಬತ್ತೂವರಿ ಒಳಗ ಮುಗಿಸಾಕ ಆಗೂದಿಲ್ಲಂದ್ರ ಸೋಮವಾರದಿಂದ ಹೊಸಾಕಿನ್ನ ಹಚ್ಚತೀನಂತ. ಬ್ಯಾರೆ ಬಿಲ್ಡಿಂಗಿಗೆ ಹೋಗ್ತೀನಂತ ನಾನೂ ಅಂದ ಬಂದೇನಿ."

ಭಾಗ್ಯಶ್ರೀ ಅಂದು ಮಧ್ಯಾಹ್ನ ದತ್ತಕೋಶವನ್ನು ತೆರೆದಳು.

ಮೊದಲಿಗೆ ಅವಳಿಗೆ ನಗು ಬಂತು. ವಾಶ್‌ಬೇಸಿನ್ನಿಗೆ ಅಂಟಿದ ಕೂದಲು, ಎಪ್ಪತ್ತೊಂದು. ಹಾಲಿನ ಕೆನೆ, ಅರವತ್ತು. ಬೆರಳು ಚೀಪುವ ಸದ್ದು, ಐವತ್ತೈದು. ಸೋಫಾದ ಮೇಲೆ ಕತ್ತರಿಸಿ ಬಿಟ್ಟ ಉಗುರು, ಒದ್ದೆಯಾದ ಕಾಲೊರಸು, ಗಂಡನ ಬನಿಯನ್ನು, ಅತ್ತೆಯ ಹಲ್ಲಿನ ಸೆಟ್ಟು. ಪುಟಗಟ್ಟಲೆ ಇದೇ. ಓದುತ್ತ ಓದುತ್ತ ಆ ನಗು ಹೋಯಿತು. ಇನ್ನೂರ ಎಂಬತ್ತು ಜನರ ಬಾಯಿಂದ ಉಗಿದದ್ದನ್ನೆಲ್ಲ ಒಂದೇ ಪಾತ್ರೆಯಲ್ಲಿ ಕೂಡಿಟ್ಟು ಆರು ವರ್ಷ ಮುಚ್ಚಿಟ್ಟ ಹಾಗೆ ಇತ್ತು ಆ ಪಟ್ಟಿ. ಆ ಪಾತ್ರೆಯ ಮುಚ್ಚಳದ ಮೇಲೆ ತಾನು ಮೂರು ವರ್ಷ ಕುಳಿತು ಚಹಾ ಕುಡಿದಿದ್ದೆ ಎನ್ನಿಸಿ ಅವಳಿಗೆ ಓಕರಿಕೆ ಬಂತು.

ಆಮೇಲೆ ಅವಳು ದ್ಯಾಮವ್ವನ ಹೆಸರು ಹುಡುಕಿದಳು.

ಇನ್ನೂರ ಹನ್ನೆರಡು ಸಾಲು ಬಂದವು. ಇನ್ನೂರ ಹನ್ನೆರಡು ಮೇಲ್ದುಟಿಗಳು ದ್ಯಾಮವ್ವನನ್ನು ಕಂಡು ಕೂದಲೆಳೆಯಷ್ಟು ಮೇಲೇರಿದ್ದವು. ಐವತ್ತು, ಅರವತ್ತಮೂರು, ನಲವತ್ತೊಂಬತ್ತು. ಗಟಾರದ ಹೂಳು ಮತ್ತು ಇಲಿಯ ಹೆಣದ ನಡುವೆ, ಅದೇ ಅಂಕಣದಲ್ಲಿ, ಅದೇ ಅಕ್ಷರದಲ್ಲಿ ದ್ಯಾಮವ್ವ ಇದ್ದಳು. ಲಿಫ್ಟು ಕೆಟ್ಟಿರಲಿಲ್ಲ. ಅದು ಹೇಳಿದ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿತ್ತು.

*

ಡಾ. ಹೆಬಸೂರ ಪ್ರತಿ ಶುಕ್ರವಾರ ಯಂತ್ರ ನೋಡಲು ಬರುತ್ತಿದ್ದರು. ಮರುದಿನ ಭಾಗ್ಯಶ್ರೀ ಎಂದಿನಂತೆ ಚಹಾ ತಂದಿಟ್ಟು, ಪಟ್ಟಿಯನ್ನು ಅವರ ಮುಂದೆ ತಿರುಗಿಸಿದಳು.

"ನೋಡಬಾರದಂತ ಹೇಳಿತ್ತಲ್ಲ ನಿಮಗ?" ಎಂದರು ಡಾಕ್ಟರು.

"ಹೌದ್ರಿ ಮೇಡಮ್ಮರ. ತಪ್ಪಾತು. ಆದ್ರ ಇದನ್ನೊಂದೀಟ ನೋಡ್ರಿ."

ಡಾಕ್ಟರು ಕನ್ನಡಕ ಏರಿಸಿ ಬಹಳ ಹೊತ್ತು ಓದಿದರು. ಓದಿ, ವಿಜ್ಞಾನಿಯ ದನಿಯಲ್ಲಿ ಹೇಳಿದರು: "ಭಾಗ್ಯಶ್ರೀ, ಇದರಾಗ ಯಂತ್ರದ ತಪ್ಪಿಲ್ಲ. ಯಂತ್ರಕ್ಕ ವಸ್ತು ಯಾವುದು, ಮನುಷ್ಯಾ ಯಾರು ಅನ್ನೋದು ಗೊತ್ತಾಗೂದಿಲ್ಲ. ಅದು ತುಟಿ ಎಷ್ಟು ಏರತದ ಅಂತ ಅಳೀತದ, ಅಷ್ಟ. ಜಾತಿ, ಕೆಲಸ, ಬಡತನ, ಇವು ಯಾವೂ ಅದಕ್ಕ ತಿಳಿಯೂದಿಲ್ಲ."

"ಯಂತ್ರಕ್ಕ ತಿಳಿಯೂದಿಲ್ರಿ. ಮೂಗಿಗೆ ತಿಳೀತೈತಿ."

"ಫಿನೈಲ್ ವಾಸನಿ ಇರಬಹುದು. ಆಕಿ ಸೀರಿಗೆ ಹತ್ತಿರತದ."

"ಫಿನೈಲಿಗೆ ಬ್ಯಾರೆ ಸಾಲ ಐತ್ರಿ. ಒಂಬತ್ತ ಬಂದೈತಿ ಅದಕ್ಕ. ಭಾಳ ಮಂದಿಗೆ ಆ ವಾಸನಿ ಸೇರತೈತಿ."

ಭಾಗ್ಯಶ್ರೀಗೆ ಮುಂದಿನದನ್ನು ತೋರಿಸಬೇಕೋ ಬೇಡವೋ ಎಂದು ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಈಗಲೂ ಅವಳ ಕೈ ಎರಡು ಸಲ ಹಿಂದೆ ಬಂತು. ಮೂರನೆಯ ಸಲ ಗುಂಡಿ ಒತ್ತಿದಳು. ವಾರಕ್ಕೊಮ್ಮೆ ಬರುವ ಡಾಕ್ಟರ ಹೆಸರೂ ನಿವಾಸಿಗಳ ಪಟ್ಟಿಯಲ್ಲಿತ್ತು, ಅವರ ಮುಖವನ್ನೂ ಕಣ್ಣು ಓದುತ್ತಿತ್ತು. ತೆರೆಯ ಮೇಲೆ ಒಂದು ಸಾಲು ನಿಂತಿತು. 'ಭಾಗ್ಯಶ್ರೀ ಕಟ್ಟಿಮನಿ ಕೊಟ್ಟ ಕಪ್ಪು: ಐವತ್ತೆಂಟು.'

"ಇದು ತಪ್ಪು," ಎಂದರು ಡಾಕ್ಟರು. ಅವರ ಕಿವಿ ಕೆಂಪಾಗಿತ್ತು. "ನಾ ಅಂಥಾಕಿ ಅಲ್ಲ. ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ಲ."

"ಗೊತ್ತೈತ್ರಿ. ಆದ್ರ ಮೂರ ವರ್ಷ ಆತು, ನಾ ಕೊಟ್ಟ ಚಾ ನೀವು ಒಂದ ಸಲನೂ ಪೂರಾ ಕುಡದಿಲ್ರಿ. ಸಕ್ರಿ ಹೆಚ್ಚಾತೇನೋ ಅಂತ ನಾ ಕಮ್ಮಿ ಮಾಡಕೋತ ಬಂದೆ. ಈಗ ಅದರಾಗ ಸಕ್ರಿನ ಇಲ್ರಿ."

ಡಾ. ಹೆಬಸೂರ ಕಪ್ಪನ್ನು ನೋಡಿದರು. ಮೇಲೆ ಗಾಜಿನ ಕಣ್ಣನ್ನು ನೋಡಿದರು. ತಾವೇ ಮಾಡಿದ ಯಂತ್ರ ತಮ್ಮ ತುಟಿಯನ್ನು ಕಾಯುತ್ತಿದೆ ಎಂದು ಅವರಿಗೆ ಮೊದಲ ಸಲ ಅರಿವಾದಂತೆ ಕಂಡಿತು. ಕಪ್ಪನ್ನು ಎತ್ತಿ ಕುಡಿದರು. ಕೊನೆಯ ಗುಟುಕಿಗೆ ಅವರ ಕಣ್ಣಲ್ಲಿ ನೀರು ಬಂದಿತ್ತು. ಅದು ನಾಚಿಕೆಯ ನೀರೋ ಓಕರಿಕೆಯದೋ ಭಾಗ್ಯಶ್ರೀಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

"ಇದನ್ನ ಅಳಿಸಬೇಕು," ಎಂದರು. "ಸೋಮವಾರದ ಒಳಗ."

ಸೋಮವಾರ ಎನ್ನುವುದಕ್ಕೆ ಕಾರಣವಿತ್ತು. ಅಂದು ಬೆಳಗ್ಗೆ ಈ ಪಟ್ಟಿಯ ಪ್ರತಿಯನ್ನು ಊರಿನ ಬೇರೆ ಹನ್ನೊಂದು ಕಟ್ಟಡಗಳಿಗೆ ಕಳಿಸುವುದೆಂದು ಆಗಿತ್ತು. ಹೊಸ ಕಟ್ಟಡಗಳ ಯಂತ್ರಗಳು ಮೊದಲಿನಿಂದ ಕಲಿಯುವ ಬದಲು, ಇಲ್ಲಿ ಕಲಿತದ್ದನ್ನೇ ಇಟ್ಟುಕೊಂಡು ಕೆಲಸ ಶುರುಮಾಡುತ್ತಿದ್ದವು. ಒಮ್ಮೆ ಹೋದರೆ ಆ ಪ್ರತಿಗಳು ಯಾರ ಕೈಗೂ ಸಿಗುತ್ತಿರಲಿಲ್ಲ. ದ್ಯಾಮವ್ವ ಈ ಕೆಲಸ ಕಳೆದುಕೊಂಡು ಯಾವ ಕಟ್ಟಡಕ್ಕೆ ಹೋದರೂ, ಆಕೆ ಕಾಲಿಡುವ ಮೊದಲೇ ಅಲ್ಲಿನ ಗೇಟಿಗೆ ಆಕೆ ಗೊತ್ತಿರುತ್ತಿದ್ದಳು.

*

ಅಳಿಸುವ ಕೆಲಸವೇನೂ ದೊಡ್ಡದಲ್ಲ. ಭಾಗ್ಯಶ್ರೀ ಕಲಿತದ್ದು ಜಾಲಲಿಪಿ, ಅಂದರೆ ಸರ್ವರಿಗೆ ಕೆಲಸ ಹೇಳುವ ಪುಟಗಳನ್ನು ಬರೆಯುವ ಭಾಷೆ. ಸಾಮಾನ್ಯ ಪುಟವನ್ನು ತೆರೆದರೆ ಅದು ಸುಮ್ಮನೆ ಕಾಣಿಸುತ್ತದೆ. ಜಾಲಲಿಪಿಯ ಪುಟವನ್ನು ಯಾರಾದರೂ ತೆರೆದ ಕ್ಷಣವೇ ಸರ್ವರು ಅದರಲ್ಲಿ ಬರೆದ ಕೆಲಸವನ್ನು ಮಾಡಿ ಮುಗಿಸಿ, ಆಮೇಲೆ ಫಲಿತಾಂಶ ತೋರಿಸುತ್ತದೆ. ದತ್ತಕೋಶ ಅಳಿಸಲು ಬೇಕಾದದ್ದು ನಾಲ್ಕೇ ಸಾಲು. ಮೊದಲ ಸಾಲಿನಲ್ಲಿ ಸರ್ವರಿನ ಬಾಗಿಲು ತಟ್ಟಿ ಹೆಸರು, ಗುಪ್ತಪದ ಹೇಳಬೇಕು. ಎರಡನೆಯದರಲ್ಲಿ ಕೋಶದ ಹೆಸರು ಹೇಳಿ, ಇದನ್ನು ಬಿಟ್ಟುಬಿಡು ಎನ್ನಬೇಕು. ಹೌದು, ಅಳಿಸು ಎಂದಲ್ಲ, ಹರಿದು ಹಾಕು ಎಂದೂ ಅಲ್ಲ. ಕೈಯಲ್ಲಿದ್ದ ಗಾಜನ್ನು ಬಿಟ್ಟಂತೆ ಬಿಡು ಎನ್ನುವುದೇ ಆ ಭಾಷೆಯ ಆಜ್ಞೆ. ಮೂರನೆಯದರಲ್ಲಿ ಆಯಿತೋ ಇಲ್ಲವೋ ಕೇಳಬೇಕು. ನಾಲ್ಕನೆಯದರಲ್ಲಿ ಬಾಗಿಲು ಮುಚ್ಚಬೇಕು.

ಕಷ್ಟವಿದ್ದದ್ದು ಒಪ್ಪಿಗೆಯಲ್ಲಿ. ಯಂತ್ರ ಡಾಕ್ಟರದಾದರೂ ಪಟ್ಟಿ ನಿವಾಸಿಗಳ ಸಮಿತಿಯ ಸೊತ್ತು. ಡಾ. ಹೆಬಸೂರ ಭಾಗ್ಯಶ್ರೀಯ ಎದುರೇ ಸ್ಪೀಕರಿನಲ್ಲಿ ಫೋನು ಮಾಡಿ ಕೇಳಿದ್ದಕ್ಕೆ ಸಮಿತಿಯ ಅಧ್ಯಕ್ಷರಾದ ಬಂಕಾಪುರ ಸಾಹೇಬರು, "ಆರು ವರ್ಷದ ಸಾಧನಾ ಅದು ಡಾಕ್ಟರ. ಮೆಟ್ಟಿಲಾ ಒರಸೋ ಆಕಿ ಒಬ್ಬಾಕಿ ಸಲುವಾಗಿ ಅಳಸಬೇಕಂತೀರಿ? ಸೋಮವಾರದ ಕಾರ್ಯಕ್ರಮ ಮುಗೀಲಿ, ಆಮ್ಯಾಲೆ ವಿಚಾರ ಮಾಡೂಣು," ಎಂದಿದ್ದರು. ನಿವೃತ್ತ ಪ್ರಿನ್ಸಿಪಾಲರು. ಮಾತಿನಲ್ಲಿ ಎಲ್ಲೂ ಒರಟಿರಲಿಲ್ಲ. ಆ ನಯವೇ ಭಾಗ್ಯಶ್ರೀಗೆ ಹೇಸಿಗೆ ಹುಟ್ಟಿಸಿತು. ಚೆನ್ನಾಗಿ ತೊಳೆದ ಕೈಯಲ್ಲಿ ಇಲಿಯ ಹೆಣ ಹಿಡಿದಂತೆ.

ಆ ಕಟ್ಟಡದಲ್ಲಿ ಒಂದು ಪದ್ಧತಿಯಿತ್ತು. ಬಲ್ಬು ಬದಲಿಸುವುದರಿಂದ ಹಿಡಿದು ನೀರಿನ ಟಾಕಿ ತೊಳೆಯುವವರೆಗೆ ಯಾವ ಕೆಲಸವಿದ್ದರೂ ಮೊದಲು ಸಮಿತಿಯ ಮೊಬೈಲ್ ಗ್ರೂಪಿಗೆ ಹಾಕಬೇಕು. ಸದಸ್ಯರು ಹೆಬ್ಬೆಟ್ಟು ಎತ್ತಿದ ಮೇಲೆಯೇ ಮಾಡಬೇಕು. ಒಮ್ಮೆ ಗ್ರೂಪಿಗೆ ಹಾಕದೆ ಫ್ಯೂಸು ಬದಲಿಸಿದ್ದಕ್ಕೆ ಭಾಗ್ಯಶ್ರೀಗೆ ಲಿಖಿತ ಎಚ್ಚರಿಕೆ ಬಂದಿತ್ತು. ಆ ಕಾಗದವನ್ನು ಅವಳು ಇನ್ನೂ ಮಡಿಸಿ ಇಟ್ಟುಕೊಂಡಿದ್ದಳು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಅವಳು ಪುಟ ಬರೆದಳು. ತನ್ನಷ್ಟಕ್ಕೆ ತೆರೆದುಬಿಡಬಹುದಿತ್ತು. ಹಾಗೆ ಮಾಡಲು ಧೈರ್ಯ ಬರಲಿಲ್ಲ. ಹಾಗೆ ಮಾಡುವುದು ಸರಿಯೆಂದೂ ಅನ್ನಿಸಲಿಲ್ಲ. ತನ್ನದಲ್ಲದ ವಸ್ತುವನ್ನು ಕೇಳದೆ ಅಳಿಸುವವಳು ತಾನಾಗಬಾರದು. ಕೇಳೋಣ, ನಾಲ್ಕು ಜನರ ಎದುರು ಇಲ್ಲವೆಂದು ಹೇಳಲಿ, ಆಗಲಾದರೂ ಯಾರಿಗಾದರೂ ನಾಚಿಕೆಯಾದೀತು ಎಂದುಕೊಂಡಳು. ಆರು ಸಲ ಬರೆದು ಅಳಿಸಿ, ಕೊನೆಗೆ ಗ್ರೂಪಿಗೆ ಹೀಗೆ ಹಾಕಿದಳು:

'ಮಾನ್ಯ ಸದಸ್ಯರಲ್ಲಿ ವಿನಂತಿ. ಅಸಹ್ಯಪಟ್ಟಿಯಲ್ಲಿ ಮನುಷ್ಯರ ಹೆಸರುಗಳು ಸೇರಿವೆ. ನಮ್ಮಲ್ಲಿ ಕೆಲಸ ಮಾಡುವ ದ್ಯಾಮವ್ವ ಎಂಬುವರಿಗೆ ಇದರಿಂದ ಲಿಫ್ಟು ಸಿಗುತ್ತಿಲ್ಲ. ಪಟ್ಟಿಯನ್ನು ಅಳಿಸುವ ಪುಟದ ವಿಳಾಸ ಕೆಳಗಿದೆ. ದಯವಿಟ್ಟು ಯಾರೂ ತೆರೆಯಬೇಡಿ. ತಮ್ಮೆಲ್ಲರ ಒಪ್ಪಿಗೆ ಬಂದ ಮೇಲೆ ನಾನೇ ತೆರೆಯುತ್ತೇನೆ.'

ಅದರ ಕೆಳಗೆ ವಿಳಾಸವನ್ನೂ ಅಂಟಿಸಿದಳು. ವಿಳಾಸವಿಲ್ಲದ ವಿನಂತಿ ಅಪೂರ್ಣವೆಂದು ಬಂಕಾಪುರ ಸಾಹೇಬರೇ ಹಿಂದೆ ಹೇಳಿದ್ದರು.

ಗ್ರೂಪುಗಳಿಗೆ ಒಂದು ಗುಣವಿದೆ. ಯಾರಾದರೂ ಒಂದು ಪುಟದ ವಿಳಾಸ ಹಾಕಿದರೆ, ಅದರ ಕೆಳಗೆ ಪುಟ್ಟದೊಂದು ಚಿತ್ರ, ಒಂದು ತಲೆಬರಹ ತಾನಾಗಿ ಮೂಡುತ್ತದೆ. ಆ ಚಿತ್ರ ಎಲ್ಲಿಂದ ಬರುತ್ತದೆ? ಗ್ರೂಪನ್ನು ನಡೆಸುವ ಕಂಪ್ಯೂಟರು ಮನುಷ್ಯರಿಗಿಂತ ಮೊದಲೇ ಓಡಿಹೋಗಿ ಆ ಪುಟವನ್ನು ತೆರೆದು ನೋಡಿಕೊಂಡು ಬರುತ್ತದೆ. ಭಾಗ್ಯಶ್ರೀಗೆ ಇದು ಗೊತ್ತಿಲ್ಲದ ವಿಷಯವಲ್ಲ. ಸಂಜೆ ತರಗತಿಯಲ್ಲಿ ಪರೀಕ್ಷೆಗೂ ಬಂದಿತ್ತು. ಆದರೆ ಅಂದು ಅವಳ ಚಿತ್ತವೆಲ್ಲ 'ಎಂಬುವರಿಗೆ' ಎಂದು ಗೌರವ ಹಾಕಬೇಕೋ ಬೇಡವೋ ಎನ್ನುವುದರಲ್ಲಿತ್ತು.

ಸಂದೇಶದ ಕೆಳಗೆ ಪುಟ್ಟ ಚೌಕ ಮೂಡಿತು. ಅದರೊಳಗೆ ಅವಳೇ ಬರೆದ ಮೂರನೆಯ ಸಾಲಿನ ಉತ್ತರ: 'ಕೋಶವನ್ನು ಬಿಡಲಾಗಿದೆ.'

ಭಾಗ್ಯಶ್ರೀ ಕುರ್ಚಿಯಿಂದ ಎದ್ದು ನಿಂತಳು. ಮತ್ತೆ ಕುಳಿತಳು. ಗ್ರೂಪಿನಲ್ಲಿ ಮೊದಲ ಉತ್ತರ ಬಂಕಾಪುರ ಸಾಹೇಬರಿಂದ ಬಂತು: 'ಒಪ್ಪಿಗೆ ಇಲ್ಲ.' ಎರಡನೆಯವರದು: 'ನನ್ನದೂ ಇಲ್ಲ.' ಮೂರನೆಯವರು ಕೈ ಮುಗಿಯುವ ಚಿತ್ರ ಹಾಕಿದ್ದರು. ಅದು ಯಾವುದಕ್ಕೆಂದು ಯಾರಿಗೂ ತಿಳಿಯಲಿಲ್ಲ.

ಬೇರೆ ಪ್ರತಿಯೂ ಇರಲಿಲ್ಲ. ಎರಡು ವರ್ಷದ ಹಿಂದೆ ಯಾರೋ ಒಂದು ಹಾಳೆ ಮುದ್ರಿಸಿ ನೋಟಿಸು ಬೋರ್ಡಿಗೆ ಅಂಟಿಸಿ, ಒಬ್ಬ ನಿವಾಸಿಯ ಹೆಂಡತಿಗೆ ಗಂಡನ ಬೆವರಿಗಿಂತ ಗಂಡನ ಹಾಡು ಹೆಚ್ಚು ಅಸಹ್ಯವೆಂದು ಇಡೀ ಕಟ್ಟಡಕ್ಕೆ ತಿಳಿದುಹೋಗಿತ್ತು. ಅಂದಿನಿಂದ ಪಟ್ಟಿಯ ಒಂದೇ ಒಂದು ಪ್ರತಿ ಇರತಕ್ಕದ್ದು, ಬೇರೆ ಕಟ್ಟಡಕ್ಕೆ ಕೊಡುವ ಪ್ರತಿಯನ್ನೂ ಕೊಡುವ ದಿನವೇ ತೆಗೆಯತಕ್ಕದ್ದು ಎಂದು ಸಮಿತಿಯೇ ಠರಾವು ಮಾಡಿತ್ತು.

ಸೋಮವಾರ ಪ್ರತಿ ಒಯ್ಯಲು ಬಂದವರು ಖಾಲಿ ಕೋಶ ನೋಡಿ ಹಿಂತಿರುಗಿದರು. ಭಾಗ್ಯಶ್ರೀಗೆ ಎರಡನೆಯ ಲಿಖಿತ ಎಚ್ಚರಿಕೆ ಬಂತು. ಕೆಲಸದಿಂದ ತೆಗೆಯಲು ಆಗಲಿಲ್ಲ, ಏಕೆಂದರೆ ಅವಳು ಪದ್ಧತಿಯ ಪ್ರಕಾರ ಗ್ರೂಪಿಗೆ ಹಾಕಿದ್ದಳು.

*

ಮೊದಲ ವಾರ ಆ ಕಟ್ಟಡದಲ್ಲಿ ಇದ್ದವರು ಅದನ್ನು ನೆನೆಸಿಕೊಳ್ಳಲು ಇಷ್ಟಪಡುವುದಿಲ್ಲ. ಆರು ವರ್ಷ ಏನನ್ನೂ ಮೂಸದ ಮೂಗುಗಳ ಮೇಲೆ ಇಡೀ ಕಟ್ಟಡ ಒಮ್ಮೆಲೇ ಬಿದ್ದಿತು. ಮೀನು, ಹಿಂಗು, ಬೂಟು, ಕಕ್ಕಸು, ಒಗೆಯದ ಚಾದರ, ಒಬ್ಬರ ಬಾಯಿ ಇನ್ನೊಬ್ಬರಿಗೆ. ಲಿಫ್ಟಿನಲ್ಲಿ ಒಬ್ಬರು ವಾಂತಿ ಮಾಡಿಕೊಂಡರೆ, ಅದನ್ನು ನೋಡಿ ಮೂವರು ಮಾಡಿಕೊಂಡರು. ತಮ್ಮ ಮನೆಯ ಬಚ್ಚಲಿಗೇ ಹೋಗಲು ಹೇಸಿ ಕೆಲವರು ನೆಂಟರ ಮನೆಗೆ ಹೋದರು. ಎಲ್ಲವನ್ನೂ ದ್ಯಾಮವ್ವ ಬಳಿದಳು. ಹೊಸಬಳನ್ನು ಹಚ್ಚುವ ಮಾತನ್ನು ಗುತ್ತಿಗೆದಾರ ಮತ್ತೆ ಎತ್ತಲಿಲ್ಲ. ಆ ವಾರ ಹೊಸಬರು ಯಾರೂ ಸಿಗುತ್ತಿರಲಿಲ್ಲ.

ಯಂತ್ರ ಮಾತ್ರ ಎದೆಗುಂದಲಿಲ್ಲ. ಕೋಶ ಇಲ್ಲವೆಂದು ಕಂಡ ಕೂಡಲೇ ಅದು ಹೊಸದೊಂದನ್ನು ತಾನೇ ಮಾಡಿಕೊಂಡು ಮೊದಲಿನಿಂದ ಕಲಿಯಲು ಕುಳಿತಿತು. ಹದಿನೈದು ದಿನದಲ್ಲಿ ಕಲಿತೂ ಬಿಟ್ಟಿತು. ವಾಸನೆಗಳು ತಗ್ಗಿದವು, ಫ್ಯಾನುಗಳು ತಿರುಗಿದವು. ಆಗ ಯಾರೂ ಎಣಿಸದ ಒಂದು ಸಂಗತಿ ಬೆಳಕಿಗೆ ಬಂತು. ದ್ಯಾಮವ್ವನಿಗೆ ಲಿಫ್ಟು ಬರತೊಡಗಿತ್ತು. ಗುಂಡಿ ಒತ್ತಿದ ಕೂಡಲೇ, ಖಾಲಿಯಾಗಿ, ಆಕೆಗೊಬ್ಬಳಿಗೇ.

ಭಾಗ್ಯಶ್ರೀ ಡಾ. ಹೆಬಸೂರರಿಗೆ ಫೋನು ಮಾಡಿದಳು. ಅವರು ಕೇಳಿದರು: "ಯಾರ ಮುಖಾ ಓದಬೇಕು ಅನ್ನೋ ನಿವಾಸಿಗಳ ಪಟ್ಟಿ ಎಲ್ಲಿತ್ತು?"

"ಅದ ಕೋಶದಾಗ ಇತ್ರಿ."

"ಅಂದ್ರ ಅದೂ ಹೋತು. ಈಗ ಯಂತ್ರಕ್ಕ ಯಾರು ಮನಿಯವರು, ಯಾರು ಕೆಲಸದವರು ಗೊತ್ತಿಲ್ಲ. ಕಣ್ಣಿನ ಮುಂದ ಹಾಯೋ ಎಲ್ಲಾ ಮುಖಾ ಓದ್ತದ. ಇಬ್ಬರಿಗೂ ಒಬ್ಬರಿಗೊಬ್ಬರು ಆಗದಿದ್ರ, ಯಾರ ಅಂಕ ಹೆಚ್ಚದನೋ ಅವರಿಗೆ ಲಿಫ್ಟ್ ಮೊದಲು ಕೊಡತದ. ಭಾಗ್ಯಶ್ರೀ..." ಡಾಕ್ಟರ ದನಿ ತಗ್ಗಿತು. "ಆರು ವರ್ಷ ನಾವು ದ್ಯಾಮವ್ವನ ಮುಖಾ ಒಂದ ಸಲನೂ ಅಳದಿರಲಿಲ್ಲ. ಆಕಿಗೆ ಅಸಹ್ಯ ಆಗತದ ಅಂತ ನನಗ ಹೊಳೀಲೇ ಇಲ್ಲ."

ಭಾಗ್ಯಶ್ರೀ ಪದ್ಧತಿಯ ಪ್ರಕಾರ ಗ್ರೂಪಿಗೆ ಹಾಕಿದಳು. ನಿವಾಸಿಗಳಿಗೆ ಲಿಫ್ಟು ತಡವಾಗುತ್ತಿರುವುದಕ್ಕೆ ಕಾರಣ ದ್ಯಾಮವ್ವ ಎಂಬುವರ ಅಸಹ್ಯಾಂಕಗಳು, ಅವರ ಪಟ್ಟಿಯಲ್ಲಿ ಮುನ್ನೂರ ನಲವತ್ತು ಸಾಲುಗಳಿವೆ, ಮೊದಲನೆಯದು ಒಂಬೈನೂರ ಎರಡನೆಯ ನಂಬರಿನ ಮನೆ.

ಒಂಬೈನೂರ ಎರಡು ಬಂಕಾಪುರ ಸಾಹೇಬರ ಮನೆ. ಎರಡೇ ನಿಮಿಷದಲ್ಲಿ ಏಳು ಹೆಬ್ಬೆಟ್ಟುಗಳು ಎದ್ದವು, ಪಟ್ಟಿಯನ್ನು ಕೂಡಲೇ ಅಳಿಸಲು ಒಪ್ಪಿಗೆ ಎಂದು. ಐದನೆಯ ನಿಮಿಷಕ್ಕೆ ಸಾಹೇಬರೇ ಮೆಟ್ಟಿಲಿಳಿದು, ಏದುಸಿರು ಬಿಡುತ್ತ ನೆಲಮಾಳಿಗೆಗೆ ಬಂದರು. ಅಲ್ಲಿ ದ್ಯಾಮವ್ವ ಕುಳಿತಿದ್ದಳು. ಇದ್ದ ಒಂದೇ ಕುರ್ಚಿಯನ್ನು ಭಾಗ್ಯಶ್ರೀ ಅವಳಿಗೆ ಬಿಟ್ಟುಕೊಟ್ಟಿದ್ದಳು.

"ಅಳಸವಾ ತಂಗಿ. ಈಗಿಂದೀಗ. ಒಪ್ಪಿಗಿ ಅದ, ಎಲ್ಲಾರದೂ ಅದ," ಎಂದರು ಸಾಹೇಬರು. "ಇದೇನು ಸಭ್ಯತನ ಅಲ್ಲ. ನಮ್ಮ ಮನಿ ಒಳಗಿನ ಮಾತು ಬರದಿಡೋದಂದ್ರ?"

"ಏನ ಬರದೈತಿ ನಂದರಾಗ? ಓದ ನೋಡೂಣು," ಎಂದಳು ದ್ಯಾಮವ್ವ.

ಭಾಗ್ಯಶ್ರೀ ಸಾಹೇಬರ ಮುಖ ನೋಡಿದಳು, ಓದಿದಳು. ಒಂಬೈನೂರ ಎರಡರ ವಾಶ್‌ಬೇಸಿನ್ನಿನಲ್ಲಿ ದಿನಾ ಬೆಳಗ್ಗೆ ಬಿಟ್ಟ ಕಫ, ತೊಂಬತ್ತೇಳು. ಕಾಲಿನಿಂದ ತಳ್ಳಿ ಕೊಟ್ಟ ತಂಗಳು ತಟ್ಟೆ, ತೊಂಬತ್ತು. ಕಮೋಡು ತೊಳೆಯುವಾಗ ಹಿಂದೆ ನಿಂತು ಬಿಸ್ಕಿಟು ತಿನ್ನುವುದು, ಎಂಬತ್ತೆಂಟು. ಮೂವತ್ತು ಸಾಲಿನವರೆಗೆ ಓದಿದಾಗ ಸಾಹೇಬರು ಗೋಡೆಯ ಕಡೆ ತಿರುಗಿದ್ದರು.

"ಹೌದ ನೋಡವಾ," ಎಂದು ದ್ಯಾಮವ್ವ ತಲೆದೂಗಿದಳು. "ಸುಳ್ಳ ಬರದಿಲ್ಲ. ಇಪ್ಪತ್ತೆರಡ ವರ್ಷ ಆತು, ಯಾರೂ ಬರಕೊಂಡಿದ್ದಿಲ್ಲ ಇದನ್ನ."

"ಆಕಿ ನಮ್ಮನ್ನ ಕಂಡ ಹೇಸ್ತಾಳಂದ್ರ..." ಎಂದು ಸಾಹೇಬರು ಗೋಡೆಗೇ ಹೇಳಿದರು.

"ಕುಂಡಿ ತೊಳದಂಗ ನಿಮ್ಮನಿ ತೊಳದೇನ್ರಿ ಸಾಹೇಬ್ರ. ಹೇಸಬಾರದೇನ್ರಿ? ಹೇಸಿದ್ರ ಹೊಟ್ಟಿ ತುಂಬೂದಿಲ್ಲಂತ ಮಾರಿ ಅತ್ತಾಗ ಮಾಡ್ತಿದ್ದೆ, ಅಷ್ಟ."

ಭಾಗ್ಯಶ್ರೀ ಪಟ್ಟಿಯ ಕೊನೆಯವರೆಗೆ ಕಣ್ಣಾಡಿಸುತ್ತಿದ್ದಳು. ಅವಳು ಹುಡುಕುತ್ತಿದ್ದದ್ದು ತನ್ನ ಹೆಸರನ್ನು. ನಿನ್ನೆ ದ್ಯಾಮವ್ವನ ಜೊತೆ ಲಿಫ್ಟು ಹತ್ತಲು ಹೋದಾಗ ಬಾಗಿಲು ಅವಳ ಎದುರೇ ಮುಚ್ಚಿಕೊಂಡಿತ್ತು. ನಾನೇನು ತಪ್ಪು ಮಾಡಿದೆ, ದ್ಯಾಮವ್ವ ನನ್ನನ್ನೂ ಅವರ ಸಾಲಿಗೆ ಸೇರಿಸಿದಳಲ್ಲ ಎಂದು ಅವಳು ಮನೆಗೆ ಹೋಗಿ ಅತ್ತಿದ್ದಳು.

"ನನ್ನ ಹೆಸರ ಇಲ್ಲ ಯಕ್ಕಾ, ನಿಂದರಾಗ," ಎಂದಳು.

"ನಿಂದ್ಯಾಕ ಇರತೈತಿ? ನಿನ್ನ ಮ್ಯಾಲ ನಂದೇನೈತಿ?" ದ್ಯಾಮವ್ವ ಸ್ವಲ್ಪ ಯೋಚಿಸಿದಳು. "ಮತ್ತ ನಿನ್ನೆ ಬಾಗಲಾ ಯಾಕ ಮುಚ್ಚಿತು? ನಿಂದೂ ಓದವಾ."

ಭಾಗ್ಯಶ್ರೀ ತನ್ನದನ್ನು ತೆರೆದಳು. ಸಣ್ಣ ಪಟ್ಟಿ. ಐದನೆಯ ಸಾಲಿನಲ್ಲಿ ಅವಳ ಕಣ್ಣು ನಿಂತಿತು. ಓದದೆ ಮುಚ್ಚಿಬಿಡಬಹುದಿತ್ತು, ದ್ಯಾಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸಾಹೇಬರು ಆಗಲೇ ಹೆಗಲ ಮೇಲಿಂದ ಬಾಗಿ ಓದಿದ್ದರು.

"ದ್ಯಾಮವ್ವ, ನಲವತ್ನಾಕು!" ಸಾಹೇಬರ ಮುಖ ಅರಳಿತು. ಬಹಳ ದಿನದ ಮೇಲೆ ನೆಂಟನನ್ನು ಕಂಡವರಂತೆ ಅವರು ಭಾಗ್ಯಶ್ರೀಯ ಬೆನ್ನು ತಟ್ಟಿದರು. "ನೋಡವಾ, ನೀನೂ ಅಷ್ಟ! ನಾವೆಲ್ಲಾರೂ ಒಂದ. ಅಳಿಸಿಬಿಡು, ಇಲ್ಲಿಗೆ ಮುಗೀತು."

ಭಾಗ್ಯಶ್ರೀಗೆ ತನ್ನ ಬೆನ್ನಿನ ಚರ್ಮವನ್ನೇ ಸುಲಿದು ಎಸೆಯಬೇಕೆನ್ನಿಸಿತು. ಸಾಹೇಬರ ಕೈಗಲ್ಲ, ಆ ಕೈ ಸರಿಯಾದ ಜಾಗದಲ್ಲೇ ಬಿದ್ದದ್ದಕ್ಕೆ. ಅವಳು ಕೀಲಿಮಣೆಯ ಮೇಲೆ ಬೆರಳಿಟ್ಟಳು. ನಾಲ್ಕು ಸಾಲು ಸಾಕು. ಈ ಸಲ ಒಪ್ಪಿಗೆಯೂ ಇತ್ತು.

"ಬ್ಯಾಡ," ಎಂದಳು ದ್ಯಾಮವ್ವ.

"ಯಕ್ಕಾ, ನನಗ ಗೊತ್ತಿದ್ದಿಲ್ಲ. ಆಣಿ ಮಾಡಿ ಹೇಳ್ತೀನಿ..."

"ನನಗ ಗೊತ್ತಿತ್ತ ಬಿಡ. ಹತ್ರ ಬಂದ್ರ ಉಸರ ಹಿಡೀತಿ ನೀ. ಅದಕ್ಕ ಯಂತ್ರ ಬೇಕೇನ?" ದ್ಯಾಮವ್ವ ಮೊಣಕಾಲು ಹಿಡಿದು ಎದ್ದಳು. "ಅಳಸಿದ್ರ ನಿಮಗ ಹಗರ ಆಗತೈತಿ, ನನಗೇನಾತು? ಮತ್ತ ಹನ್ನೊಂದ ಮಹಡಿ ಹತ್ತಬೇಕು. ನಿಮ್ಮ ಮೂಗ ನಿಮಗಿರ್ಲಿ ತಗೋರಿ. ನನಗ ಲಿಫ್ಟ್ ಬರಾಕತ್ತೈತಿ."

ಆಕೆ ಬಕೆಟ್ಟು ಎತ್ತಿಕೊಂಡು ಹೊರಟಳು. ಹೊರಗೆ ಲಿಫ್ಟಿನ ಬಾಗಿಲು ತೆರೆದು ಮುಚ್ಚಿಕೊಂಡ ಸದ್ದಾಯಿತು. ಸಾಹೇಬರು ಮೆಟ್ಟಿಲಿನ ಕಡೆ ನಡೆದರು.

ಭಾಗ್ಯಶ್ರೀ ಕೀಲಿಮಣೆಯಿಂದ ಕೈ ತೆಗೆದಳು. ನಿಂತೂ ನಿಂತೂ ಅವಳ ಕಾಲು ಸೋತಿದ್ದವು. ಕುರ್ಚಿ ಖಾಲಿ ಇತ್ತು, ಆಸನದ ಮೇಲೆ ದ್ಯಾಮವ್ವನ ಸೀರೆಯ ತೇವ ಇನ್ನೂ ಆರಿರಲಿಲ್ಲ. ಅವಳ ಕೈ ತಾನಾಗಿ ಒರೆಸುವ ಬಟ್ಟೆಗೆ ಚಾಚಿತು. ಬಟ್ಟೆ ಸಿಕ್ಕಿತು. ಅದನ್ನು ಅವಳು ಹಿಡಿದುಕೊಂಡು ನಿಂತಳು, ಆಮೇಲೆ ಮೇಜಿನ ಮೇಲಿಟ್ಟಳು, ಆಮೇಲೆ ಕುಳಿತಳು. ತೇವ ಅವಳ ಉಡುಪಿನ ಮೂಲಕ ಮೈಗೆ ತಾಗಿತು. ಚಾವಣಿಯ ಕಣ್ಣು ಅವಳ ಮೇಲ್ದುಟಿಯನ್ನು ನೋಡಿ ಒಂದು ಅಂಕ ಬರೆದುಕೊಂಡಿತು. ಅದು ಎಷ್ಟೆಂದು ಅವಳು ನೋಡಲಿಲ್ಲ. ಏಳಲೂ ಇಲ್ಲ.